ಹಳೆಯ ಎಂಜಿನಿಗೆ ತಿದಿ

ಕೆಲವು ತಿಂಗಳ ಹಿಂದೆ ನಮ್ಮ ಮಿತ್ರರೊಬ್ಬರು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ್ದ ಭಾರವಾದ ಪದಾರ್ಥವೊಂದನ್ನು ತಂದು ನಮ್ಮ ಮೇಜಿನ ಮೇಲಿರಿಸಿದರು. ಬಿಚ್ಚಿ ನೋಡಲಾಗಿ, ಬಸವನಹುಳುವಿನ ಎರಡು ಚಿಪ್ಪುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಜೋಡಿಸಿದಂತೆ ಕಾಣುವ ಲೋಹದ ಸಾಧನವೊಂದು ಹೊರಬಂದಿತು. ಒಂದು ಚಿಪ್ಪು ಬೆಂಕಿಯಲ್ಲಿ ಬೆಂದು ಕಂದಿದ ಎರಕದ ಕಬ್ಬಿಣ. ಇನ್ನೊಂದು ಬೆಳ್ಳಗಿನ ಅಲ್ಯೂಮಿನಿಯಂ. ಅದು ಗುಜರಿಯಲ್ಲಿ ಕೊಂಡ ಟರ್ಬೊಚಾರ್ಜರು. ಮಿತ್ರರ ಮನೆಯಲ್ಲಿ ಅವರ ತೀರ್ಥರೂಪರು ಕೊಂಡು ಬಹುಕಾಲ ಓಡಿಸಿದ ಫಿಯಟ್ ೧೧೦೦ ಗಾಡಿಯೊಂದು ಇನ್ನೂ ಇರುವುದು. ಬೆಂಗಳೂರಿನ ಬೀದಿಗಳಲ್ಲಿ ಅದು ಚೆನ್ನಾಗಿಯೇ ನಡೆಯುವುದು. ನಂದಿಬೆಟ್ಟದ ತಿರುವುಗಳಲ್ಲಿ ಮಾತ್ರ ಏದುಸಿರು ಬಿಡುವುದು. “ಮೇಷ್ಟರೆ, ಇದನ್ನು ಅದಕ್ಕೆ ಜೋಡಿಸಿಬಿಟ್ಟರೆ ಹೇಗೆ? ತಂದೆಯವರ ಗಾಡಿ ಎಂದು ಹಾಗೆಯೇ ಇಟ್ಟು ಪೂಜೆ ಮಾಡುವುದಕ್ಕಿಂತ ಓಡಿಸುವುದು ಮೇಲಲ್ಲವೆ?” ಎಂದು ಅವರು ಕೇಳಿದರು.

ನಾವು ಇತಿಹಾಸವನ್ನು ಬೋಧಿಸುವವರೇ ಹೊರತು ಯಂತ್ರಶಾಸ್ತ್ರವನ್ನು ಬಲ್ಲವರಲ್ಲ. ಆದರೂ ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವೇ ಉಂಟೆಂಬುದು ಪುಸ್ತಕಗಳನ್ನು ತಿರುವುತ್ತ ಹೋದಂತೆ ನಮಗೆ ತಿಳಿದುಬಂದಿತು. ಒಂದು ಅಳತೆಯ ಉಸಿರಿಗೆಂದು ಕಟ್ಟಿದ ಎಂಜಿನಿಗೆ ಅದಕ್ಕಿಂತ ಹೆಚ್ಚಿನ ಉಸಿರನ್ನು ಬಲವಂತವಾಗಿ ತುಂಬಬಹುದೆ, ತುಂಬಿದರೆ ಏನಾಗುವುದು, ಎಂಬ ಈ ಪ್ರಶ್ನೆಯನ್ನು ಮಿತ್ರರಿಗಿಂತ ಮೊದಲೇ ಹಲವರು ಕೇಳಿರುವರು. ಕೆಲವರು ಅದಕ್ಕಾಗಿ ದೊಡ್ಡ ಬೆಲೆಯನ್ನೂ ತೆತ್ತಿರುವರು.

ಮೋಟಾರು ಗಾಡಿಯ ಎಂಜಿನು ಪೆಟ್ರೋಲನ್ನು ಉಣ್ಣುವ ಯಂತ್ರವೆಂದು ನಾವೆಲ್ಲರೂ ತಿಳಿದಿರುವೆವಷ್ಟೆ. ತೂಕದ ಲೆಕ್ಕವನ್ನು ಹಿಡಿದರೆ ಅದು ಉಣ್ಣುವುದು ಮುಖ್ಯವಾಗಿ ಗಾಳಿಯನ್ನು. ಒಂದು ಸೇರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಅದರ ತೂಕದ ಸುಮಾರು ೧೫ರಷ್ಟು ಗಾಳಿ ಬೇಕಾಗುವುದು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಗಾಳಿ ಮಾತ್ರ ಪಿಸ್ಟನ್ನು ಕೆಳಗಿಳಿದಾಗ ತಾನಾಗಿ ಒಳಗೆ ನುಗ್ಗಿದಷ್ಟೇ ದೊರೆಯುವುದು. ಸಮುದ್ರಮಟ್ಟಕ್ಕೆ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದಕ್ಕಿಂತ ಹತ್ತರಲ್ಲೊಂದು ಪಾಲು ಕಡಮೆ. ೪೮೫೦ ಅಡಿಯ ನಂದಿಬೆಟ್ಟದಲ್ಲಿ ಆರರಲ್ಲೊಂದು ಪಾಲು ಕಡಮೆ. ಮಿತ್ರರ ಗಾಡಿ ಏದುಸಿರು ಬಿಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದರ ಪರಿಹಾರ ಕೂಡಲೇ ಹೊಳೆಯುವುದು. ಗಾಳಿ ತಾನಾಗಿ ಬಾರದಿದ್ದರೆ ತಿದಿಯೊತ್ತಬೇಕು. ಆದರೆ ತಿದಿಯನ್ನು ಒತ್ತುವವರು ಯಾರು? ಎಂಜಿನಿನ ದಂಡದಿಂದಲೇ ಹಲ್ಲುಚಕ್ರಗಳ ಮೂಲಕ ಒತ್ತಿಸುವುದು ಒಂದು ಮಾರ್ಗ. ಇದಕ್ಕೆ ಸೂಪರ್‌ಚಾರ್ಜರು ಎಂದು ಹೆಸರು. ಇದರಲ್ಲಿ ದುಡಿಮೆಯ ಒಂದು ಪಾಲು ತಿದಿಯ ಕೂಲಿಗೇ ಹೋಗಿಬಿಡುವುದು. ಎಂಜಿನು ಹೊರಗೆ ಕಾರುವ ಬಿಸಿ ಹೊಗೆಯಲ್ಲಿ ಪೆಟ್ರೋಲಿನ ಶಕ್ತಿಯ ಸುಮಾರು ಮೂರರಲ್ಲೊಂದು ಪಾಲು ವ್ಯರ್ಥವಾಗಿ ಹೋಗುತ್ತಿರುವುದು. ಆ ಹೊಗೆಯ ದಾರಿಯಲ್ಲಿ ಗಿರಿಗಟ್ಟೆಯಂತಹ ಚಕ್ರವೊಂದನ್ನಿರಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಗಾಳಿಯನ್ನು ಒಳಕ್ಕೆ ತಳ್ಳಿಸುವುದು ಎರಡನೆಯ ಮಾರ್ಗ. ಬೆಂಕಿಯ ಹೊಗೆಯೇ ತಿದಿಯನ್ನೊತ್ತುವ ಕುಲುಮೆ ಇದು. ಮೇಜಿನ ಮೇಲಿದ್ದ ಎರಡು ಚಿಪ್ಪುಗಳ ರಹಸ್ಯವೂ ಇಷ್ಟೇ.

ಈ ಎರಡನೆಯ ಮಾರ್ಗವನ್ನು ಮೊದಲು ಕಾಗದದ ಮೇಲೆ ಬರೆದವನು ಸ್ವಿಟ್ಸರ್ಲೆಂಡಿನ ವಿಂಟರ್‌ಟೂರ್ ಪಟ್ಟಣದಲ್ಲಿ ಹುಟ್ಟಿದ ಆಲ್ಫ್ರೆಡ್ ಬ್ಯೂಖಿ. ೧೯೦೫ರ ನವೆಂಬರಿನಲ್ಲಿ ಅವನು ಸನ್ನದಿಗೆ ಅರ್ಜಿ ಹಾಕಿಕೊಂಡಾಗ ಅವನಿಗೆ ೨೬ ವರ್ಷ. ಯೋಚನೆ ಸರಿಯಾಗಿದ್ದರೂ ಅಷ್ಟು ಶಾಖವನ್ನು ತಡೆದು ಅಷ್ಟು ವೇಗದಿಂದ ತಿರುಗುವ ಲೋಹ ಆ ಕಾಲದಲ್ಲಿರಲಿಲ್ಲ. ಸುಮಾರು ೨೦ ವರ್ಷ ಕಳೆದಮೇಲೆ, ೧೯೨೦ರ ದಶಕದಲ್ಲಿ, ಪ್ರಾಯ್ಸೆನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನುಗಳಿಗೆ ಅವನ ಸಾಧನವನ್ನು ಜೋಡಿಸಲಾಗಿ, ೧೭೫೦ ಅಶ್ವಶಕ್ತಿಯ ಎಂಜಿನು ೨೫೦೦ ಅಶ್ವಶಕ್ತಿಯನ್ನು ಕೊಟ್ಟಿತು.

ಅಷ್ಟರೊಳಗಾಗಿ ಮೊದಲನೆಯ ಮಹಾಯುದ್ಧ ಈ ವಿದ್ಯೆಯನ್ನು ಬೇರೊಂದು ದಿಕ್ಕಿಗೆ ಎಳೆದುಕೊಂಡು ಹೋಗಿದ್ದಿತು. ವಿಮಾನ ಮೇಲೇರಿದಷ್ಟೂ ಗಾಳಿ ತೆಳುವಾಗುವುದು. ಎತ್ತರದಲ್ಲಿ ಹಾರಬಲ್ಲವನಿಗೇ ಜಯ. ಫ್ರಾನ್ಸಿನಲ್ಲಿ ಓಗ್ಯುಸ್ತ್ ರಾತೊ ಎಂಬ ಪಂಡಿತನು ವಿಮಾನದ ಎಂಜಿನಿಗೆ ಟರ್ಬೊಚಾರ್ಜರನ್ನು ಹೊಂದಿಸುವ ಯತ್ನದಲ್ಲಿದ್ದನು. ಅಮೆರಿಕದಲ್ಲಿ ಈ ಕೆಲಸ ಜನರಲ್ ಇಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಎಂಬವನ ಪಾಲಿಗೆ ಬಂದಿತು. ಈತನು ೧೯೦೩ರಲ್ಲಿಯೇ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಅನಿಲ ಟರ್ಬೈನಿನ ವಿಷಯವಾಗಿ ಪ್ರಬಂಧವನ್ನು ಬರೆದುಕೊಟ್ಟವನು.

ಮಾಸ್ ಕೈಗೆತ್ತಿಕೊಂಡದ್ದು ಲಿಬರ್ಟಿ ಎಂಬ ಹನ್ನೆರಡು ಸಿಲಿಂಡರಿನ ಎಂಜಿನು. ಇದೂ ಟರ್ಬೊಚಾರ್ಜರಿಗಾಗಿ ಹುಟ್ಟಿದುದಲ್ಲ. ಯುದ್ಧಕಾಲದ ಅವಸರದಲ್ಲಿ ಸಾವಿರಗಟ್ಟಲೆ ಎರಕಹೊಯ್ದು ಮಾಡುತ್ತಿದ್ದ ಸಿದ್ಧ ಎಂಜಿನು. ಎತ್ತರದಲ್ಲಿ ಅದು ಹೇಗೆ ವರ್ತಿಸುವುದೆಂದು ತಿಳಿಯುವ ಬಗೆ ಹೇಗೆ? ಹಾರುವ ವಿಮಾನದಲ್ಲಿ ಕುಳಿತು ಅಶ್ವಶಕ್ತಿಯನ್ನು ಅಳೆಯುವುದು ಆಗದ ಮಾತು. ಆದಕಾರಣ ೧೯೧೮ರಲ್ಲಿ ಮಾಸ್ ಮತ್ತು ಅವನ ಸಂಗಡಿಗರು ಎಂಜಿನನ್ನೂ ಅಳೆಯುವ ಸಾಧನಗಳನ್ನೂ ಲಾರಿಯ ಮೇಲೇರಿಸಿಕೊಂಡು ಕೊಲರಾಡೊ ಪ್ರಾಂತದ ಪೈಕ್ಸ್ ಶಿಖರದ ನೆತ್ತಿಗೆ ಹೋದರು. ಅದು ೧೪,೦೦೦ ಅಡಿಗೂ ಮೀರಿದ ಎತ್ತರ. ಉಸಿರಾಡುವುದೇ ಕಷ್ಟವಾದ ಆ ಬೆಟ್ಟದ ತುದಿಯಲ್ಲಿ ಮನುಷ್ಯರೂ ಯಂತ್ರವೂ ಒಂದೇ ಪರೀಕ್ಷೆಗೆ ಕುಳಿತರೆನ್ನಬಹುದು. ಸಮುದ್ರಮಟ್ಟದ ಲೆಕ್ಕದಲ್ಲಿ ೩೫೦ ಅಶ್ವಶಕ್ತಿಯಿದ್ದ ಲಿಬರ್ಟಿ ಎಂಜಿನು ಅಲ್ಲಿ ೨೩೦ಕ್ಕೆ ಇಳಿಯಿತು. ಟರ್ಬೊಚಾರ್ಜರನ್ನು ಜೋಡಿಸಿದಮೇಲೆ ೩೫೬ಕ್ಕೆ ಏರಿತು.

ಈ ಅಂಕಿಗಳನ್ನು ನಾವು ಮೊದಲು ಓದಿದಾಗ ಮಿತ್ರರ ಪಕ್ಷಕ್ಕೆ ಜಯವಾಯಿತೆಂದೇ ಎಣಿಸಿದೆವು. ಮತ್ತೊಮ್ಮೆ ಓದಿದಾಗ ಬೇರೊಂದು ಅರ್ಥ ತೋರಿತು. ೩೫೦ ಇದ್ದುದು ೩೫೬ ಆಯಿತು, ಅಷ್ಟೇ. ಮಾಸ್ ಆ ಎಂಜಿನಿಗೆ ಹೊಸ ಶಕ್ತಿಯನ್ನೇನೂ ದಾನಮಾಡಲಿಲ್ಲ. ಬೆಟ್ಟ ಕಸಿದುಕೊಂಡುದನ್ನು ಹಿಂದಕ್ಕೆ ಕೊಡಿಸಿದನು. ಯಾವ ಒತ್ತಡಕ್ಕೆಂದು ಅದರ ಪಿಸ್ಟನ್ನು ದಂಡಗಳನ್ನು ಕಟ್ಟಿದ್ದರೋ ಅದೇ ಒತ್ತಡ ಅವುಗಳ ಮೇಲೆ ಬಿದ್ದಿತು. ಕಳೆದುಹೋದ ಉಸಿರನ್ನು ತುಂಬುವುದು ಒಂದು, ಇದ್ದ ಉಸಿರಿನ ಮೇಲೆ ಉಸಿರನ್ನು ಹೇರುವುದು ಮತ್ತೊಂದು. ಈ ಭೇದವನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿರುವುದು.

ಉಸಿರಿನ ಮೇಲೆ ಉಸಿರನ್ನು ಹೇರಿದವರಲ್ಲಿ ಬಹು ಪ್ರಸಿದ್ಧನಾದವನು ಇಂಗ್ಲೆಂಡಿನ ಸರ್ ಹೆನ್ರಿ ಬರ್ಕಿನ್. ಜನ ಅವನನ್ನು ಟಿಮ್ ಬರ್ಕಿನ್ ಎಂದು ಕರೆಯುತ್ತಿದ್ದರು. ೧೯೨೭ರಲ್ಲಿ ಬೆಂಟ್ಲಿ ಕಂಪನಿ ನಾಲ್ಕೂವರೆ ಲೀಟರಿನ ಗಾಡಿಯೊಂದನ್ನು ಹೊರತಂದಿತು. ನಾಲ್ಕು ದೊಡ್ಡ ಸಿಲಿಂಡರುಗಳು, ಸಾಧಾರಣ ಮಾದರಿಯಲ್ಲಿ ೧೧೦ ಅಶ್ವಶಕ್ತಿ, ಆನೆಯಂತಹ ಮೈಕಟ್ಟು. ಪಂದ್ಯಗಳಲ್ಲಿ ಮುಂದೆ ಬರಬೇಕಾದರೆ ಇದಕ್ಕೆ ತಿದಿ ಹಾಕಬೇಕೆಂದು ಬರ್ಕಿನ್ ಹಠ ಹಿಡಿದನು. ಗಾಡಿಯನ್ನು ಕಲ್ಪಿಸಿದ ಡಬ್ಲ್ಯು. ಓ. ಬೆಂಟ್ಲಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ದೊಡ್ಡ ಎಂಜಿನನ್ನು ಕಟ್ಟಬೇಕು, ಕಟ್ಟಿದ ಎಂಜಿನನ್ನು ಹಿಂಸಿಸಬಾರದು ಎಂಬುದು ಅವನ ಮತ. ತಿದಿ ಹಾಕುವುದು ತನ್ನ ಕಲ್ಪನೆಯನ್ನು ಕೆಡಿಸುವ ಕೆಲಸವೆಂದು ಅವನು ಕಡೆಯವರೆಗೂ ಭಾವಿಸಿದ್ದನು. ಆದರೆ ಕಂಪನಿಯ ಹಣದ ಚೀಲ ಆಗ ಅವನ ಕೈಯಲ್ಲಿರಲಿಲ್ಲ. ಅಧ್ಯಕ್ಷನಾದ ವುಲ್ಫ್ ಬಾರ್ನಾಟೊ ಸಮ್ಮತಿ ಕೊಟ್ಟನು, ಡಾರತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಬರ್ಕಿನ್ನನಿಗೆ ಹಣವನ್ನೊದಗಿಸಿದಳು, ಆಮ್‌ಹರ್ಸ್ಟ್ ವಿಲಿಯರ್ಸ್ ಎಂಬ ಯಂತ್ರಜ್ಞನು ಸೂಪರ್‌ಚಾರ್ಜರನ್ನು ರಚಿಸಿಕೊಟ್ಟನು.

ಈ ತಿದಿಯನ್ನು ಎಂಜಿನಿನ ಮುಂದೆ, ರೇಡಿಯೇಟರಿಗಿಂತಲೂ ಮುಂದಕ್ಕೆ, ಕ್ರ್ಯಾಂಕ್ ದಂಡದ ಮೂತಿಗೆ ಸಿಕ್ಕಿಸಿದರು. ಒಳಗಿನ ದಂಡವನ್ನೂ ಪಿಸ್ಟನ್ನುಗಳನ್ನೂ ಬಲಪಡಿಸಿದರು. ಮಾರಾಟಕ್ಕಿಟ್ಟ ೫೦ ಗಾಡಿಗಳಲ್ಲಿ ಶಕ್ತಿ ೧೭೫ಕ್ಕೆ ಏರಿತು. ಪಂದ್ಯದ ಗಾಡಿಗಳಲ್ಲಿ ೨೪೦ಕ್ಕೆ. ೧೯೩೦ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ ೨೪ ಗಂಟೆಗಳ ಪಂದ್ಯದಲ್ಲಿ ಬರ್ಕಿನ್ ಜರ್ಮನಿಯ ಕಾರಾಚಿಯೊಲನ ಮರ್ಸಿಡಿಸ್ ಗಾಡಿಯನ್ನು ಅಟ್ಟಿಸಿಕೊಂಡು ಹೋದ ರೀತಿಯನ್ನು ಇಂಗ್ಲಿಷರು ಇಂದಿಗೂ ವೀರಗಾಥೆಯಂತೆ ಹೇಳಿಕೊಳ್ಳುವರು. ಮರ್ಸಿಡಿಸ್ ರಾತ್ರಿಯೇ ಕೆಟ್ಟು ನಿಂತಿತು. ತಿದಿ ಹಾಕಿದ ಬೆಂಟ್ಲಿಗಳೆರಡೂ ಪಂದ್ಯವನ್ನು ಮುಗಿಸಲಿಲ್ಲ. ಗೆದ್ದುದು ಯಾವುದು? ಬಾರ್ನಾಟೊ ಮತ್ತು ಕಿಡ್‌ಸ್ಟನ್ ಓಡಿಸಿದ, ಬೆಂಟ್ಲಿಯೇ ಕಟ್ಟಿದ, ತಿದಿಯಿಲ್ಲದ ಆರೂವರೆ ಲೀಟರಿನ ಗಾಡಿ.

ವಾದ ಇಲ್ಲಿಗೆ ತೀರ್ಮಾನವಾಯಿತೆಂದು ಯಾರಾದರೂ ಹೇಳಿದರೆ ನಾವು ಒಪ್ಪಲಾರೆವು. ಅದೇ ವರ್ಷ ಪೋ ಪಟ್ಟಣದ ಪಂದ್ಯದಲ್ಲಿ ಬರ್ಕಿನ್ ಹಗುರವಾದ ಬುಗಾಟಿಗಳ ನಡುವೆ ತನ್ನ ಆನೆಯನ್ನು ನುಗ್ಗಿಸಿ ಎರಡನೆಯ ಸ್ಥಾನವನ್ನು ಪಡೆದನು. ೧೯೩೨ರಲ್ಲಿ, ಬೆಂಟ್ಲಿ ಕಂಪನಿ ರೋಲ್ಸ್ ರಾಯ್ಸಿನವರ ಪಾಲಾಗಿದ್ದ ಕಾಲದಲ್ಲಿ, ಬ್ರುಕ್‌ಲ್ಯಾಂಡ್ಸ್ ಪಥದಲ್ಲಿ ಅವನ ಒಂಟಿ ಆಸನದ ಗಾಡಿ ಗಂಟೆಗೆ ೧೩೭.೯೬ ಮೈಲಿಯ ವೇಗದಲ್ಲಿ ಓಡಿ ದಾಖಲೆಯನ್ನು ಸ್ಥಾಪಿಸಿತು. ಅದೇ ಗಾಡಿ ೨೦೧೨ರ ಹರಾಜಿನಲ್ಲಿ ೫೦ ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು. ಬೆಂಟ್ಲಿ ಯಾವುದನ್ನು ವಿಕಾರವೆಂದು ತಿಳಿದನೋ ಅದೇ ಇಂದು ಅವನ ಹೆಸರಿನ ಗಾಡಿಗಳಲ್ಲಿ ಅಮೂಲ್ಯವೆನಿಸಿರುವುದು! ಕರ್ತೃವಿನ ಅಭಿಪ್ರಾಯಕ್ಕೂ ಕಾಲದ ಅಭಿಪ್ರಾಯಕ್ಕೂ ಯಾವಾಗಲೂ ಹೊಂದಿಕೆ ಇರಬೇಕೆಂಬ ನಿಯಮವಿಲ್ಲ.

ಟರ್ಬೊಚಾರ್ಜರು ಸಾಮಾನ್ಯ ಗೃಹಸ್ಥನ ಗಾಡಿಗೆ ಬಂದುದು ೧೯೬೨ರಲ್ಲಿ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಎರಡು ಶಾಖೆಗಳು ಕೆಲವೇ ವಾರಗಳ ಅಂತರದಲ್ಲಿ ಎರಡು ಗಾಡಿಗಳನ್ನು ಹೊರಡಿಸಿದುವು. ಎರಡೂ ಇದ್ದ ಎಂಜಿನಿಗೇ ತಿದಿ ಕಟ್ಟಿದುವು. ಕಟ್ಟಿದ ಬಗೆ ಮಾತ್ರ ಬೇರೆ. ಅದನ್ನು ವಿವರಿಸುವ ಮೊದಲು ನಾಕಿಂಗ್ ಎಂಬ ರೋಗದ ವಿಷಯವನ್ನು ಹೇಳಬೇಕು. ಗಾಳಿಯನ್ನು ಅದುಮಿದರೆ ಅದು ಕಾಯುವುದು. ಸೈಕಲ್ ಪಂಪಿನ ತುದಿಯನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ತಿದಿ ಒಮ್ಮೆ ಅದುಮಿದ ಗಾಳಿಯನ್ನು ಪಿಸ್ಟನ್ನು ಮತ್ತೊಮ್ಮೆ ಅದುಮುವುದು. ಶಾಖ ಮಿತಿಮೀರಿದರೆ, ಕಿಡಿಯಿಂದ ಹೊರಟ ಉರಿ ಸಾಲುಸಾಲಾಗಿ ಹರಡುವುದಕ್ಕೆ ಮುಂಚೆಯೇ, ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು. ಸುತ್ತಿಗೆಯಿಂದ ಹೊಡೆದಂತೆ ಟಣಟಣ ಶಬ್ದ ಕೇಳಿಸುವುದು. ಹೀಗೆಯೇ ಬಿಟ್ಟರೆ ಪಿಸ್ಟನ್ನಿನ ನೆತ್ತಿ ತೂತಾಗುವುದು. ಇದಕ್ಕೆ ಮದ್ದು, ಎಂಜಿನು ತಾನು ಅದುಮುವ ಪ್ರಮಾಣವನ್ನು ಕಡಮೆ ಮಾಡಿಕೊಳ್ಳುವುದು. ಅಂದರೆ ತಿದಿ ಬರುವ ಮನೆಯಲ್ಲಿ ಮೊದಲೇ ಜಾಗ ಬಿಡಿಸಿಡುವುದು.

ಷೆವರ್ಲೆ ಶಾಖೆಯವರು ಕಾರ್ವೇರ್ ಎಂಬ ಗಾಡಿಯಲ್ಲಿ ಇದೇ ದಾರಿಯನ್ನು ಹಿಡಿದರು. ೯ಕ್ಕೆ ೧ ಇದ್ದ ಸಂಕೋಚನ ಪ್ರಮಾಣವನ್ನು ೮ಕ್ಕೆ ೧ಕ್ಕೆ ಇಳಿಸಿದರು. ಕ್ರ್ಯಾಂಕ್ ದಂಡವನ್ನೂ ಹೊಗೆಯ ಕವಾಟಗಳನ್ನೂ ಮೇಲಾದ ಲೋಹದಿಂದ ಮಾಡಿದರು. ೧೦೨ ಅಶ್ವಶಕ್ತಿ ೧೫೦ಕ್ಕೆ ಏರಿತು. ಓಲ್ಡ್ಸ್‌ಮೊಬೀಲ್ ಶಾಖೆಯವರು ಜೆಟ್‌ಫೈರ್ ಎಂಬ ತಮ್ಮ ಗಾಡಿಯಲ್ಲಿ ಬೇರೆ ಆಸೆ ಇಟ್ಟುಕೊಂಡರು. ಅವರ ಅಲ್ಯೂಮಿನಿಯಂ ಎಂಜಿನಿನಲ್ಲಿ ಸಂಕೋಚನ ಪ್ರಮಾಣ ೧೦.೨೫ಕ್ಕೆ ೧, ಅದನ್ನು ಅವರು ಇಳಿಸಲೊಲ್ಲರು. ಬದಲಾಗಿ, ಪುಟ್ಟ ತೊಟ್ಟಿಯೊಂದನ್ನಿಟ್ಟು, ತಿದಿ ಕೆಲಸಮಾಡುವಾಗಲೆಲ್ಲ ನೀರು ಮತ್ತು ಮಿಥೈಲ್ ಆಲ್ಕೊಹಾಲ್ ಬೆರೆತ ದ್ರವವನ್ನು ಸಿಂಪಡಿಸಿ ಒಳಗಿನ ಶಾಖವನ್ನು ತಣಿಸುವ ಏರ್ಪಾಡನ್ನು ಮಾಡಿದರು. ಆ ದ್ರವಕ್ಕೆ ಟರ್ಬೊ ರಾಕೆಟ್ ಫ್ಲೂಯಿಡ್ ಎಂಬ ಭಾರಿ ಹೆಸರನ್ನೂ ಇಟ್ಟರು. ಶಕ್ತಿ ೨೧೫ಕ್ಕೆ ಮುಟ್ಟಿತು. ಲೆಕ್ಕದ ಮೇಲೆ ಇದು ಜಾಣತನವೇ ಸರಿ.

ಆದರೆ ಲೆಕ್ಕದಲ್ಲಿ ಒಬ್ಬನನ್ನು ಮರೆತಿದ್ದರು. ಅವನೇ ಗಾಡಿಯ ಯಜಮಾನ. ಪೆಟ್ರೋಲು ಮುಗಿದರೆ ಗಾಡಿ ನಿಲ್ಲುವುದು, ಆಗ ನೆನಪಾಗುವುದು. ಈ ದ್ರವ ಮುಗಿದರೆ ಗಾಡಿ ನಿಲ್ಲುವುದಿಲ್ಲ. ಎಂಜಿನಿಗೆ ಅಪಾಯವಾಗದಂತೆ ಕವಾಟವೊಂದು ಮುಚ್ಚಿಕೊಂಡು ತಿದಿಯ ಬಲವನ್ನು ತಡೆಯುವುದು, ಅಷ್ಟೇ. ಅನೇಕರು ತೊಟ್ಟಿಯನ್ನು ತುಂಬುವುದನ್ನೇ ಮರೆತರು. ಮರೆತಮೇಲೆ ಗಾಡಿ ಮಂದವಾಯಿತೆಂದು ದೂರಿದರು. ೧೯೬೩ಕ್ಕೆ ಜೆಟ್‌ಫೈರಿನ ಆಯುಸ್ಸು ಮುಗಿಯಿತು. ೧೯೬೫ರಲ್ಲಿ ಕಂಪನಿಯವರೇ, ಬೇಕೆಂದವರ ಗಾಡಿಯಿಂದ ಟರ್ಬೊಚಾರ್ಜರನ್ನು ಕಳಚಿ ಸಾಧಾರಣ ಕಾರ್ಬುರೇಟರನ್ನು ಹಾಕಿಕೊಡಲು ಮುಂದಾದರು. ಈಗ ಜೆಟ್‌ಫೈರನ್ನು ಕಾಪಾಡಿಕೊಂಡು ಬಂದಿರುವ ಹವ್ಯಾಸಿಗಳು ಆಗ ಕಳಚಿಹಾಕಿದ ಆ ಭಾಗಗಳನ್ನೇ ಹುಡುಕಿ ಮತ್ತೆ ಜೋಡಿಸಿಕೊಳ್ಳುತ್ತಿರುವರು.

ಯೂರೋಪಿನ ಎರಡು ಉದಾಹರಣೆಗಳನ್ನು ಚಿಕ್ಕದಾಗಿ ಹೇಳಿ ಮುಂದುವರಿಯುವೆವು. ಜರ್ಮನಿಯ ಬಿ. ಎಂ. ಡಬ್ಲ್ಯು. ಕಂಪನಿಗೆ ೧೯೬೦ರ ಸುಮಾರಿನಲ್ಲಿ ಅಲೆಕ್ಸ್ ಫಾನ್ ಫಾಲ್ಕೆನ್‌ಹೌಸೆನ್ ಎಂಬವನು ನಾಲ್ಕು ಸಿಲಿಂಡರಿನ ಎಂಜಿನೊಂದನ್ನು ಕಲ್ಪಿಸಿದನು. ಯಜಮಾನರು ಚಿಕ್ಕ ಎಂಜಿನನ್ನು ಕೇಳಿದರು. ಮುಂದೆ ಹಿಗ್ಗಿಸಲು ಎಡೆಯಿರಬೇಕೆಂದು ಅವನು ಹಠ ಹಿಡಿದು ಒಂದೂವರೆ ಲೀಟರಿಗೆ ಒಪ್ಪಿಸಿ, ಎರಡು ಲೀಟರಿನವರೆಗೆ ಬೆಳೆಯಬಲ್ಲಂತೆ ಗಟ್ಟಿಯಾದ ಕಬ್ಬಿಣದ ಒಡಲನ್ನು ಕಟ್ಟಿದನು. ೧೯೭೩ರಲ್ಲಿ ಅದೇ ಎಂಜಿನಿಗೆ ಟರ್ಬೊಚಾರ್ಜರನ್ನು ಹಾಕಿ ೧೭೦ ಅಶ್ವಶಕ್ತಿಯ ೨೦೦೨ ಟರ್ಬೊ ಗಾಡಿಯನ್ನು ಹೊರಡಿಸಿದಾಗ ಸಂಕೋಚನ ಪ್ರಮಾಣವನ್ನು ೬.೯ಕ್ಕೆ ಇಳಿಸಬೇಕಾಯಿತು. ಆದಕಾರಣ ತಿದಿ ಎಚ್ಚರಗೊಳ್ಳುವವರೆಗೆ ಗಾಡಿ ಮಂಕಾಗಿರುವುದು, ಎಚ್ಚರಗೊಂಡರೆ ಹುಚ್ಚು ಕುದುರೆಯಂತೆ ನೆಗೆಯುವುದು. ಅದೇ ಶರತ್ಕಾಲದಲ್ಲಿ ಎಣ್ಣೆಯ ಕ್ಷಾಮವೂ ಬಂದು, ೧೬೭೨ ಗಾಡಿಗಳಿಗೇ ಅದು ನಿಂತುಹೋಯಿತು. ಆ ಕಬ್ಬಿಣದ ಒಡಲಿನ ಕಥೆ ಮಾತ್ರ ನಿಲ್ಲಲಿಲ್ಲ. ಪಾಲ್ ರೋಷೆ ಎಂಬ ಯಂತ್ರಜ್ಞನು ಅದರಿಂದಲೇ ಒಂದೂವರೆ ಲೀಟರಿನ ಪಂದ್ಯದ ಎಂಜಿನನ್ನು ಮಾಡಿದನು; ೧೯೮೩ರಲ್ಲಿ ನೆಲ್ಸನ್ ಪಿಕೆ ಅದರ ಬಲದಿಂದ ಫಾರ್ಮುಲಾ ಒನ್ ಚಾಂಪಿಯನ್ ಪದವಿಯನ್ನು ಗೆದ್ದನು.

ಸ್ವೀಡನ್ನಿನ ಸಾಬ್ ಕಂಪನಿಯವರು ೧೯೭೭ರಲ್ಲಿ ತಮ್ಮ ೯೯ ಗಾಡಿಗೆ ತಿದಿ ಹಾಕಿದಾಗ ಆಸೆಯನ್ನು ಹಿಡಿತದಲ್ಲಿಟ್ಟುಕೊಂಡರು. ೧೧೮ರಿಂದ ೧೪೫ ಅಶ್ವಶಕ್ತಿ, ಅಷ್ಟೇ ಸಾಕೆಂದರು. ಚಿಕ್ಕ ಚಕ್ರ, ಕಡಮೆ ವೇಗದಲ್ಲಿಯೇ ಎದ್ದೇಳುವುದು. ಒತ್ತಡ ಗೊತ್ತಾದ ಮೇರೆಯನ್ನು ಮುಟ್ಟಿದೊಡನೆ ಕಿರುಬಾಗಿಲೊಂದು ತೆರೆದುಕೊಂಡು ಹೆಚ್ಚಾದ ಹೊಗೆಯನ್ನು ಬೇರೆ ದಾರಿಗೆ ಬಿಡುವುದು. ನಮ್ಮ ಕೆರೆಗಳ ಕೋಡಿಯಂತೆ ಇದು. ಗೃಹಸ್ಥರ ಗಾಡಿಗಳಲ್ಲಿ ಟರ್ಬೊಚಾರ್ಜರು ನೆಲೆಯೂರಿದುದು ಈ ಕೋಡಿಯಿಂದಲೇ ಎಂದು ನಮ್ಮ ಎಣಿಕೆ.

ಇಷ್ಟನ್ನೆಲ್ಲ ಓದಿಕೊಂಡು ನಾವು ಮಿತ್ರರೊಡನೆ ಅವರ ಗಾಡಿಯನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವ ವೃದ್ಧ ಮೇಸ್ತ್ರಿಯ ಬಳಿಗೆ ಹೋದೆವು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆವು. ೧೦೮೯ ಘನ ಸೆಂಟಿಮೀಟರಿನ ಎಂಜಿನು, ಅದರ ಕ್ರ್ಯಾಂಕ್ ದಂಡಕ್ಕೆ ಮೂರೇ ಬೇರಿಂಗುಗಳ ಆಸರೆ. ಟರ್ಬೊಚಾರ್ಜರಿನ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲುದು. ಅದಕ್ಕೆ ಎಣ್ಣೆಯನ್ನು ಈ ಎಂಜಿನೇ ಒದಗಿಸಬೇಕು. ತಲೆಯ ಗ್ಯಾಸ್ಕೆಟ್ಟು ಹೊಸ ಒತ್ತಡವನ್ನು ತಡೆಯಬೇಕು. ಕಿಡಿ ಬೀಳುವ ಕ್ಷಣವನ್ನು ಹಿಂದಕ್ಕೆ ಸರಿಸಬೇಕು. ರೇಡಿಯೇಟರು ಹೆಚ್ಚಿನ ಶಾಖವನ್ನು ಹೊರಹಾಕಬೇಕು. ಕ್ಲಚ್ಚು ಹೆಚ್ಚಿನ ಬಲವನ್ನು ಹಿಡಿಯಬೇಕು. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಬೆಟ್ಟವನ್ನು ವೇಗವಾಗಿ ಹತ್ತಿದ ಗಾಡಿ ಇಳಿಯಲೂ ಬೇಕಲ್ಲವೆ? ತಿದಿಯೊಂದನ್ನು ಕಟ್ಟಹೋದವನು ಕುಲುಮೆಯನ್ನೇ ಹೊಸದಾಗಿ ಕಟ್ಟಿದಂತಾಗುವುದು. ಕೊನೆಗೆ ಉಳಿಯುವುದು ತಂದೆಯವರ ಗಾಡಿಯೋ, ಅದರ ಹೊದಿಕೆಯನ್ನು ಹೊದ್ದ ಬೇರೊಂದು ಗಾಡಿಯೋ ಎಂದು ನಾವು ಕೇಳಿದೆವು. ಮಿತ್ರರು ಉತ್ತರ ಕೊಡಲಿಲ್ಲ.

ಮೇಸ್ತ್ರಿ ನಮ್ಮ ಲೆಕ್ಕಗಳನ್ನೆಲ್ಲ ಸಮಾಧಾನದಿಂದ ಕೇಳಿದನು. ಅನಂತರ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒತ್ತಡದ ಮಾಪಕವನ್ನು ಹಿಡಿದು, ಮಿತ್ರರಿಗೆ ಎಂಜಿನನ್ನು ತಿರುಗಿಸಲು ಹೇಳಿದನು. ಮೂರನೆಯ ಸಿಲಿಂಡರಿನಲ್ಲಿ ಮುಳ್ಳು ಉಳಿದುವುಗಳ ಅರ್ಧಕ್ಕಿಂತ ಸ್ವಲ್ಪ ಮೇಲೇರಿ ನಿಂತುಬಿಟ್ಟಿತು. “ನೋಡಿ ಸ್ವಾಮಿ, ತಾನು ಎಳೆದುಕೊಂಡ ಗಾಳಿಯನ್ನೇ ಇದು ಹಿಡಿದಿಟ್ಟುಕೊಳ್ಳುತ್ತಿಲ್ಲ. ನೀವು ಇನ್ನಷ್ಟು ಗಾಳಿಯನ್ನು ಎಲ್ಲಿ ತುಂಬುತ್ತೀರಿ?” ಎಂದನು. ಪೈಕ್ಸ್ ಶಿಖರವನ್ನು ಹತ್ತಿ ಮಾಸ್ ಕಂಡುಕೊಂಡ ಭೇದವನ್ನು ಈತನು ಗ್ಯಾರೇಜಿನ ನೆಲದ ಮೇಲೆ ಕುಳಿತೇ ತೋರಿಸಿಕೊಟ್ಟನು.

ಮೂರು ವಾರಗಳಲ್ಲಿ ರಿಂಗುಗಳನ್ನು ಬದಲಾಯಿಸಿ, ಕವಾಟಗಳನ್ನು ಅರೆದು ಕೂರಿಸಿದರು. ಕಳೆದ ತಿಂಗಳು ನಾವೂ ಜೊತೆಯಲ್ಲಿ ಕುಳಿತು ನಂದಿಬೆಟ್ಟಕ್ಕೆ ಹೋಗಿಬಂದೆವು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಕಡಿದಾದ ತಿರುವುಗಳಲ್ಲಿ ಮಾತ್ರ ಎರಡನೆಯ ಗೇರಿಗೆ ಇಳಿಸಬೇಕಾಯಿತು. ಅವರ ತೀರ್ಥರೂಪರೂ ಅಲ್ಲಿ ಎರಡನೆಯ ಗೇರಿಗೇ ಇಳಿಸುತ್ತಿದ್ದರಂತೆ. ಟರ್ಬೊಚಾರ್ಜರನ್ನು ಮಿತ್ರರು ಮತ್ತೆ ಅದೇ ಪತ್ರಿಕೆಯಲ್ಲಿ ಸುತ್ತಿ ಬೀರುವಿನ ಮೇಲಿರಿಸಿರುವರು. ಮಾರುವಿರಾ ಎಂದು ಕೇಳಿದರೆ, “ಇರಲಿ ಬಿಡಿ ಮೇಷ್ಟರೆ, ಇನ್ನೊಂದು ಹಳೆಯ ಎಂಜಿನು ಸಿಕ್ಕರೆ ಅದನ್ನು ಬೇರೆಯಾಗಿ ಕಟ್ಟಿ ನೋಡೋಣ” ಎನ್ನುತ್ತಿರುವರು.